ತರಕಾರಿ ಬೆಳೆಯ ಬೂಸ್ಟು ರೋಗಕ್ಕೆ ಯುವಿ ಬೆಳಕು: ಕೊಡಗಿನ ಬೆಳೆಗಾರರಿಗೊಂದು ಮಾರ್ಗದರ್ಶಿ

ರಾತ್ರಿ ಹೊತ್ತು ಸ್ಟ್ರಾಬೆರಿ ಸಾಲುಗಳ ಮೇಲೆ ನೀಲಿ ಬೆಳಕು ಬಿಡುತ್ತಾ ಸಾಗುವ ಯಂತ್ರದ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಅದನ್ನು ನೋಡಿದವರೆಲ್ಲ ಕೇಳುವುದು ಒಂದೇ: ‘ನಮ್ಮ ಬೆಂಡೆಗೂ ಸೌತೆಗೂ ಹೀಗೆ ಲೈಟ್ ಹಾಕಿದರೆ ಔಷಧಿ ಹೊಡೆಯೋದು ತಪ್ಪುತ್ತಾ?’

ಆ ಯಂತ್ರ ಬಿಡುವ ಯುವಿ ಕಿರಣದಿಂದ ಕೆಲವು ರೋಗಕ್ಕೆ ಔಷಧಿ ಹೊಡೆಯುವುದು ಕಡಿಮೆಯಾಗುತ್ತದೆ. ಹೆಚ್ಚಿನ ರೋಗಕ್ಕೆ ಏನೂ ಆಗುವುದಿಲ್ಲ. ಒಂದೆರಡು ರೋಗವಂತೂ ಇದೇ ಕಿರಣದಿಂದ ಜಾಸ್ತಿಯಾಗುತ್ತದೆ. ಹಾಗಾಗಿ ದೀಪ ಕೊಳ್ಳುವುದನ್ನು ಕೊನೆಗೆ ಇಟ್ಟಿದ್ದೇನೆ. ಅದಕ್ಕೂ ಮೊದಲು ಖರ್ಚಿಲ್ಲದೆ ಮಾಡುವ ಕೆಲಸ ಬೇಕಾದಷ್ಟಿದೆ. ಕೊಡಗಿನಲ್ಲಿ ಬಹಳ ಮಂದಿಗೆ ಅಷ್ಟೇ ಸಾಕಾಗುತ್ತದೆ.

ಮೊದಲು ಇಷ್ಟು ತಿಳಿದಿರಲಿ

ಯುವಿ ಅಂದರೆ ಅತಿನೇರಳೆ ಕಿರಣ. ಕಣ್ಣಿಗೆ ಕಾಣದ ಬೆಳಕು. ತರಂಗದ ಉದ್ದ ನೋಡಿ ಇದರಲ್ಲಿ ಮೂರು ಬಗೆ ಮಾಡಿದ್ದಾರೆ, ಆ ಉದ್ದವನ್ನು ನ್ಯಾನೋಮೀಟರ್‌ನಲ್ಲಿ ಹೇಳುತ್ತಾರೆ.

ಯುವಿ-ಎ: 315ರಿಂದ 400 ನ್ಯಾನೋಮೀಟರ್. ಬಿಸಿಲಿನಲ್ಲಿ ಧಾರಾಳವಾಗಿರುತ್ತದೆ. ಬೂಸ್ಟನ್ನು ಕೊಲ್ಲುವ ಶಕ್ತಿ ಇದಕ್ಕೆ ತೀರಾ ಕಡಿಮೆ.

ಯುವಿ-ಬಿ: 280ರಿಂದ 315. ಬಿಸಿಲಿನಲ್ಲಿ ಸ್ವಲ್ಪವೇ ಇರುತ್ತದೆ, ಆದರೆ ಚುರುಕು. ನಮ್ಮ ಚರ್ಮ ಸುಡುವುದು ಮುಖ್ಯವಾಗಿ ಇದರಿಂದ.

ಯುವಿ-ಸಿ: 100ರಿಂದ 280. ಸೂರ್ಯನಿಂದ ಹೊರಡುತ್ತದೆ, ಓಝೋನ್ ಪದರ ದಾಟಿ ನೆಲಕ್ಕೆ ಬರುವುದಿಲ್ಲ. ಇದು ಬೇಕಿದ್ದರೆ ದೀಪವೇ ಗತಿ.

ಯುವಿ-ಬಿ ಮತ್ತು ಯುವಿ-ಸಿ ಶಿಲೀಂಧ್ರದ, ಅಂದರೆ ನಾವು ಬೂಸ್ಟು ಅನ್ನುವ ಜೀವಿಯ, ಡಿಎನ್‌ಎಯನ್ನು ಕೆಡಿಸುತ್ತವೆ. ಡಿಎನ್‌ಎ ಕೆಟ್ಟರೆ ಬೀಜಕಣ ಮೊಳೆಯುವುದಿಲ್ಲ, ಎಳೆ ಬೆಳೆಯುವುದಿಲ್ಲ. ಆದರೆ ಈ ಜೀವಿಗಳ ಹತ್ತಿರ ರಿಪೇರಿ ವ್ಯವಸ್ಥೆಯೂ ಇದೆ. ಫೋಟೋಲೈಯೇಸ್ ಎಂಬ ಕಿಣ್ವ ಕೆಟ್ಟ ಜಾಗವನ್ನು ಸರಿಮಾಡುತ್ತದೆ. ಆ ಕೆಲಸಕ್ಕೆ ಅದಕ್ಕೆ ನೀಲಿ ಬೆಳಕು ಅಥವಾ ಯುವಿ-ಎ ಬೇಕು. ಬೆಳಕಿನಿಂದ ಹೀಗೆ ರಿಪೇರಿ ಆಗುತ್ತದೆ ಅನ್ನುವುದು 1949ರಲ್ಲೇ ಗೊತ್ತಾಗಿತ್ತು. ಹೊಲಕ್ಕೆ ಅದರ ಉಪಯೋಗ ಬಂದದ್ದು ಬಹಳ ತಡವಾಗಿ. ಹಗಲು ಕಿರಣ ಬಿಟ್ಟರೆ ಕೆಟ್ಟದ್ದನ್ನು ಅದು ಆಗಲೇ ಸರಿಮಾಡಿಕೊಳ್ಳುತ್ತದೆ. ಕತ್ತಲಲ್ಲಿ ಬಿಟ್ಟರೆ ರಿಪೇರಿ ನಡೆಯುವುದಿಲ್ಲ, ಕಡಿಮೆ ಕಿರಣವೇ ಸಾಕಾಗುತ್ತದೆ. ವಿಡಿಯೊದ ಯಂತ್ರ ರಾತ್ರಿ ಓಡಾಡುವುದು ಇದಕ್ಕೇ.

ಹಂತ 1: ರೋಗ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ

ಯುವಿ ಎಲೆಯ ಮೇಲ್ಮೈಯನ್ನು ಮಾತ್ರ ಮುಟ್ಟುತ್ತದೆ. ಎಲೆಯ ಒಳಗೆ ಕೂತ ರೋಗಕ್ಕೆ ಅದು ತಲುಪುವುದಿಲ್ಲ. ಆದ್ದರಿಂದ ರೋಗ ಒಳಗಿದೆಯೋ ಹೊರಗಿದೆಯೋ ಅನ್ನುವುದೇ ಮೊದಲ ಪ್ರಶ್ನೆ.

ಸೌತೆ, ಕುಂಬಳ, ಹೀರೆ, ಬೆಂಡೆ, ಬಟಾಣಿಯ ಬೂದಿ ರೋಗ ಹೊರಗಿನದು. ಎಲೆಯ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತದೆ. ಬೆರಳಲ್ಲಿ ಒರೆಸಿ ನೋಡಿ. ಬೆರಳಿಗೆ ಬಿಳಿ ಹತ್ತಿ, ಕೆಳಗೆ ಎಲೆ ಹಸಿರಾಗಿದ್ದರೆ ಶುರುವಿನ ಹಂತ. ಈ ಬೂಸ್ಟಿನ ಎಳೆಗಳು ಎಲೆಯ ಮೇಲೆಯೇ ಹಬ್ಬುತ್ತವೆ. ಸಿಪ್ಪೆಯ ಕೋಶಕ್ಕೆ ಸಣ್ಣ ಹೀರುಕೊಳವೆ ಇಳಿಸುತ್ತವೆ, ಅಷ್ಟೇ. ಎಳೆಗೆ ಬಣ್ಣವೂ ಇಲ್ಲ, ಕಿರಣದಿಂದ ಕಾಪಾಡುವ ಕಪ್ಪೂ ಇಲ್ಲ. ಯುವಿ ಚೆನ್ನಾಗಿ ಕೆಲಸ ಮಾಡುವುದು ಇದರ ಮೇಲೆ.

ಹಸಿಮೆಣಸಿನಕಾಯಿ ಬೆಳೆಯುವವರು ಇಲ್ಲಿ ಸ್ವಲ್ಪ ನಿಲ್ಲಿ. ಶನಿವಾರಸಂತೆ, ಕೊಡ್ಲಿಪೇಟೆ ಕಡೆ ಗದ್ದೆ ಕೊಯ್ಲಾದ ಮೇಲೆ ಹಾಕುವ ಮೆಣಸಿಗೂ ಬೂದಿ ರೋಗ ಬರುತ್ತದೆ. ಹೆಸರು ಒಂದೇ, ರೋಗಕಾರಕ ಬೇರೆ. ಲೆವೆಯುಲಾ ಎಂಬ ಈ ಬೂಸ್ಟು ಎಲೆಯ ಒಳಗೆ ಬೆಳೆಯುತ್ತದೆ. ಎಲೆಯ ಮೇಲೆ ಹಳದಿ ಮಚ್ಚೆ ಕಾಣುತ್ತದೆ, ಬಿಳಿ ಪುಡಿ ಕೆಳಗಿನಿಂದ ಬರುತ್ತದೆ, ಆಮೇಲೆ ಎಲೆ ಉದುರುತ್ತದೆ. ದೊಣ್ಣೆ ಮೆಣಸಿಗೂ ಇದೇ ಬರುತ್ತದೆ. ಸೌತೆಯಲ್ಲಿ ದೀಪ ಗೆದ್ದಿತು ಅಂತ ಮೆಣಸಿಗೆ ತಂದರೆ ಕರೆಂಟ್ ಬಿಲ್ ಮಾತ್ರ ಉಳಿಯುತ್ತದೆ.

ಬೂಜು ತುಪ್ಪಟ ರೋಗವನ್ನೂ ಬೂದಿ ರೋಗ ಅಂತ ತಿಳಿಯುವವರಿದ್ದಾರೆ. ಸೌತೆ, ಹೀರೆಯಲ್ಲಿ ನರಗಳ ನಡುವೆ ಮೂಲೆ ಮೂಲೆಯಾಗಿ ಹಳದಿ ಮಚ್ಚೆ ಬಂದಿದ್ದರೆ, ಬೆಳಗ್ಗೆ ಎಲೆ ತಿರುಗಿಸಿದಾಗ ಅಡಿಯಲ್ಲಿ ಬೂದು-ನೇರಳೆ ತುಪ್ಪಟ ಕಂಡರೆ ಅದು ಬೂಜು ತುಪ್ಪಟ. ಒಳಗಿನ ರೋಗ, ದೀಪ ನಾಟುವುದಿಲ್ಲ. ಟೊಮೆಟೊ, ಆಲೂಗಡ್ಡೆಯ ಅಂಗಮಾರಿಯೂ ಹಾಗೇ.

ಟೊಮೆಟೊ, ಎಲೆಕೋಸಿನಲ್ಲಿ ಸುತ್ತು ಸುತ್ತಾಗಿ ಕಂದು ಉಂಗುರ ಮೂಡುವ ಎಲೆಚುಕ್ಕೆ ರೋಗ ಆಲ್ಟರ್ನೇರಿಯಾ ಶಿಲೀಂಧ್ರದ್ದು. ಅದರ ಬೀಜಕಣಕ್ಕೆ ಮೆಲನಿನ್ ಎಂಬ ಕಪ್ಪು ಬಣ್ಣವಿದೆ. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಜಾತಿಯದೇ. ಆ ಕಪ್ಪು ಕಿರಣವನ್ನು ತಡೆಯುತ್ತದೆ. ಅದೂ ಅಲ್ಲದೆ ಈ ಬೂಸ್ಟಿಗೂ, ಬೂದು ಕೊಳೆ ತರುವ ಬೊಟ್ರೈಟಿಸ್ ಎಂಬ ಇನ್ನೊಂದು ಬೂಸ್ಟಿಗೂ ಬೀಜಕಣ ಹುಟ್ಟಿಸಲು ಯುವಿ ಕಿರಣ ಪ್ರಚೋದನೆ ಕೊಡುತ್ತದೆ. ಇಂಥ ಗಿಡದ ಮೇಲೆ ಸಿಕ್ಕಿದ ಯುವಿ ಬಲ್ಬ್ ಹಚ್ಚುವುದು ರೋಗಕ್ಕೆ ಕೂಲಿ ಮಾಡಿದ ಹಾಗೆ.

ಸಸಿಮಡಿಯಲ್ಲಿ ಬುಡ ಕೊಳೆತು ಸಸಿ ಬೀಳುವ ರೋಗ ಮಣ್ಣಿನದು. ಬೆಳಕು ಮಣ್ಣೊಳಗೆ ಇಳಿಯುವುದಿಲ್ಲ. ಬೇಸಿಗೆಯಲ್ಲಿ ಮಡಿ ನೆನೆಸಿ, ತೆಳು ಪಾರದರ್ಶಕ ಪ್ಲಾಸ್ಟಿಕ್ ಬಿಗಿಯಾಗಿ ಹೊದಿಸಿ 4ರಿಂದ 6 ವಾರ ಬಿಡುವ ಪದ್ಧತಿ ಇದೆಯಲ್ಲ, ಅಲ್ಲಿ ರೋಗಾಣು ಸಾಯುವುದು ಶಾಖದಿಂದ, ಯುವಿಯಿಂದ ಅಲ್ಲ. ಹಾಗಾಗಿ ಮೋಡದ ತಿಂಗಳಲ್ಲಿ ಮಾಡಿದರೆ ದಂಡ.

ಅನುಮಾನ ಇದ್ದರೆ ರೋಗದ ಎಲೆಯನ್ನು ಪೇಪರ್ ಕವರ್‌ನಲ್ಲಿ ಹಾಕಿ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೋ ಚೆಟ್ಟಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರಕ್ಕೋ ತೋರಿಸಿ. ಪ್ಲಾಸ್ಟಿಕ್ ಕವರ್ ಬೇಡ. ದಾರಿಯಲ್ಲೇ ಬೆವತು ಬೇರೆ ಬೂಸ್ಟು ಬೆಳೆದುಬಿಡುತ್ತದೆ.

ಹಂತ 2: ಬಿಸಿಲನ್ನು ಬಳಸಿಕೊಳ್ಳಿ

ಬಿಸಿಲಿನಲ್ಲಿರುವ ಯುವಿ-ಬಿ ದಿನವೂ ಪುಕ್ಕಟೆ ಸಿಗುವ ಔಷಧಿ. ಎತ್ತರ 1,000 ಮೀಟರ್ ಏರಿದರೆ ಯುವಿ ಸುಮಾರು ಹತ್ತು ಶೇಕಡ ಜಾಸ್ತಿ. ಮಡಿಕೇರಿ 1,100 ಮೀಟರ್‌ಗಿಂತ ಮೇಲಿದೆ. ಮಾರ್ಚ್-ಏಪ್ರಿಲ್‌ನ ತಿಳಿ ಮಧ್ಯಾಹ್ನಗಳಲ್ಲಿ ಇಲ್ಲಿ ಯುವಿ ಸೂಚ್ಯಂಕ, ಅಂದರೆ ಕಿರಣದ ತೀವ್ರತೆ ಹೇಳುವ ಅಂಕೆ, 11 ದಾಟುತ್ತದೆ. ಹವಾಮಾನದ ಆ್ಯಪ್‌ಗಳಲ್ಲಿ ಇದನ್ನು ನೋಡಬಹುದು.

ಮಳೆಗಾಲದಲ್ಲಿ ಲೆಕ್ಕ ಉಲ್ಟಾ. ಅಂಗಮಾರಿಯ ಬೀಜಕಣ ಗಾಳಿಯಲ್ಲಿ ಹಾರಿ ಪಕ್ಕದ ತೋಟಕ್ಕೆ ಹೋಗುತ್ತದೆ. ತಿಳಿ ಬಿಸಿಲಿದ್ದರೆ ಹೆಚ್ಚಿನವು ಒಂದು ಗಂಟೆಯೊಳಗೆ ಸಾಯುತ್ತವೆ. ದಟ್ಟ ಮೋಡ ಇದ್ದರೆ ಅದೇ ಬೀಜಕಣ ಗಂಟೆಗಟ್ಟಲೆ ಬದುಕಿ ದೂರ ತಲುಪುತ್ತದೆ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳಲ್ಲಿ ಟೊಮೆಟೊ ಒಂದೇ ವಾರದಲ್ಲಿ ಸುಟ್ಟಂತೆ ಆಗುವುದಕ್ಕೆ ಎಲೆ ಒದ್ದೆಯಾಗಿರುವುದು ಒಂದು ಕಾರಣ. ಆಕಾಶ ಮುಚ್ಚಿರುವುದು ಇನ್ನೊಂದು. ಭಾಗಮಂಡಲ, ಮಡಿಕೇರಿ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲನ್ನು ನಂಬಿ ಕೂರುವ ಹಾಗಿಲ್ಲ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದಂಥ ಮುನ್ನೆಚ್ಚರಿಕೆ ಬೇಕೇ ಬೇಕು. ಕುಶಾಲನಗರ, ಹೆಬ್ಬಾಲೆ ಕಡೆ ಮಳೆಯ ನಡುವೆ ಹೊಳವು ಸಿಗುತ್ತದೆ. ಅಲ್ಲಿ ಬಿಸಿಲು ಸ್ವಲ್ಪ ಸಹಾಯ ಮಾಡುತ್ತದೆ.

ಈಗ ಮಾಡಬೇಕಾದ್ದು. ಕಾಫಿ ತೋಟದ ಅಂಚಿನಲ್ಲಿ ಉಳಿದ ಜಾಗಕ್ಕೆ ತರಕಾರಿ ಹಾಕುವ ರೂಢಿ ನಮ್ಮದು. ಸಿಲ್ವರ್ ಮರದ ನೆರಳು ಅರ್ಧ ದಿನ ಬೀಳುವ ಮಡಿಯಲ್ಲಿ ಬೂದಿ ರೋಗ ಮೊದಲು ಕಾಣುತ್ತದೆ, ಗಮನಿಸಿ ನೋಡಿ. ಮರಗಸಿ ಮಾಡುವಾಗ ತರಕಾರಿ ಮಡಿಯ ಬದಿಯ ಕೊಂಬೆಗಳನ್ನೂ ಸೇರಿಸಿ ಸವರಿಸಿ. ಸೌತೆ, ಹೀರೆಯನ್ನು ನೆಲಕ್ಕೆ ಹಬ್ಬಲು ಬಿಡದೆ ಹಂದರಕ್ಕೆ ಏರಿಸಿ. ಬುಡದ ಹಳೆ ಎಲೆ ಕಿತ್ತು ಹೊರಗೆ ಹಾಕಿ. ಗಿಡದ ನಡುವೆ ಅಂತರ ಬಿಡಿ. ಎಲೆಯ ಮೇಲೆ ಎಲೆ ಕೂತರೆ ಕೆಳಗಿನ ಎಲೆಗೆ ಯುವಿ ಸಿಗುವುದೇ ಇಲ್ಲ.

ಬೆಳಗಿನ ಎಳೆ ಬಿಸಿಲಿನಲ್ಲಿ ಯುವಿ-ಬಿ ಬಹಳ ಕಡಿಮೆ. ಅದು ಮಂಜು ಆರಿಸುತ್ತದೆ, ಆ ಕೆಲಸವೂ ದೊಡ್ಡದೇ. ಬೂಸ್ಟಿಗೆ ಹೊಡೆತ ಬೀಳುವುದು ಹತ್ತರಿಂದ ಮೂರರ ಬಿಸಿಲಿಗೆ. ಆ ಹೊತ್ತು ಮಡಿಗೆ ನೆರಳಿಲ್ಲದಂತೆ ಜಾಗ ಆರಿಸಿ.

ಒಂದು ಎಚ್ಚರಿಕೆ. ನೆರಳು ಪರದೆ ಕೆಳಗೆ ಬೆಳೆದ ಸಸಿಯನ್ನು ನೇರ ಬಯಲಿಗೆ ನೆಟ್ಟರೆ ಎಲೆ ಬಿಳಿಚಿ ಸುಡುತ್ತದೆ. ಸಸಿಯ ಮೈ ಗಟ್ಟಿಯಾಗಬೇಕು. ಯುವಿ-ಬಿ ತಾಗಿದಾಗ ಗಿಡ ತನ್ನದೇ ರಕ್ಷಣಾ ವಸ್ತುಗಳನ್ನು ತಯಾರಿಸುತ್ತದೆ, ಎಲೆ ದಪ್ಪವಾಗುತ್ತದೆ. ನಾಟಿಗೆ ಒಂದು ವಾರ ಮೊದಲಿನಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಪರದೆ ಸರಿಸುತ್ತಾ ಬನ್ನಿ.

ಹಂತ 3: ಮಳೆ ಆಸರೆ ಇದ್ದರೆ ಶೀಟ್ ಪರೀಕ್ಷಿಸಿ

ಮಳೆ ಆಸರೆ ಅಂದರೆ ಬದಿ ತೆರೆದ, ಮೇಲೆ ಮಾತ್ರ ಪ್ಲಾಸ್ಟಿಕ್ ಹೊದಿಸಿದ ಚಪ್ಪರ. ಇಲ್ಲಿ ಆಗುವ ಗೊಂದಲ ಒಂದೇ. ‘ಯುವಿ ಶೀಟ್’ ಅಂತ ಅಂಗಡಿಯಲ್ಲಿ ಕೊಡುತ್ತಾರೆ. ಅದರ ಅರ್ಥ, ಬಿಸಿಲಿಗೆ ಶೀಟ್ ಬೇಗ ಹಾಳಾಗದಂತೆ ಏನೋ ಬೆರೆಸಿದ್ದಾರೆ ಅಂತ. ಅದು ಯುವಿಯನ್ನು ಒಳಗೆ ಬಿಡುತ್ತದೆಯೋ ತಡೆಯುತ್ತದೆಯೋ ಆ ಹೆಸರಿನಿಂದ ಗೊತ್ತಾಗುವುದಿಲ್ಲ. ಎರಡೂ ಬಗೆಯ ಶೀಟ್ ಇವೆ.

ತಡೆಯುವ ಶೀಟಿನಿಂದ ಲಾಭವೂ ಇದೆ. ಬೂದು ಕೊಳೆಯ ಬೀಜಕಣ ಕಡಿಮೆಯಾಗುತ್ತದೆ. ಜಪಾನಿನಲ್ಲಿ 1970ರ ದಶಕದಲ್ಲೇ ಇದನ್ನು ನೋಡಿದ್ದಾರೆ, ಆಮೇಲೆ ಇಸ್ರೇಲಿನಲ್ಲೂ. ಬಿಳಿನೊಣ, ಥ್ರಿಪ್ಸ್ ನುಸಿ ದಾರಿ ಹುಡುಕುವುದು ಯುವಿ ನೋಡಿಕೊಂಡು, ಹಾಗಾಗಿ ಅವೂ ಒಳಗೆ ಕಡಿಮೆ ಬರುತ್ತವೆ. ನಷ್ಟ: ಜೇನುನೊಣಕ್ಕೂ ಯುವಿ ಕಾಣಬೇಕು. ಪರಾಗಸ್ಪರ್ಶ ಬೇಕಾದ ಕುಂಬಳ, ಹೀರೆಗೆ ಇದು ತೊಂದರೆ ಮಾಡಬಹುದು. ನೇರಳೆ ಬದನೆ ಬಣ್ಣ ಕಟ್ಟುವುದಿಲ್ಲ, ಮಾರುಕಟ್ಟೆಯಲ್ಲಿ ಬಿಳಿಚಿದ ಬದನೆ ಯಾರು ಕೊಳ್ಳುತ್ತಾರೆ? ಮತ್ತೆ ಬಿಸಿಲಿನ ಯುವಿ-ಬಿ ಸಿಗದ ಕಾರಣ ಬೂದಿ ರೋಗಕ್ಕೆ ಒಳಗೆ ಆರಾಮ.

ನನ್ನ ಪ್ರಕಾರ ಮಳೆಗಾಲದ ಟೊಮೆಟೊಗೆ ತಡೆಯುವ ಶೀಟ್ ಒಳ್ಳೆಯದು. ಬೇಸಿಗೆಯ ಸೌತೆಗೆ ಬಿಡುವ ಶೀಟ್.

ಪರೀಕ್ಷೆ ಹೀಗೆ. ನೋಟು ನೋಡುವ ಯುವಿ ಟಾರ್ಚ್ ತನ್ನಿ, 365 ನ್ಯಾನೋಮೀಟರ್‌ದೇ ಆಗಿರಲಿ. ಕತ್ತಲಲ್ಲಿ ನೋಟಿನ ಮೇಲೆ ಬಿಡಿ, ಸಂಖ್ಯೆ ಮತ್ತು ಸಣ್ಣ ನೂಲುಗಳು ಹೊಳೆಯುತ್ತವೆ. ಈಗ ಟಾರ್ಚಿಗೂ ನೋಟಿಗೂ ನಡುವೆ ಶೀಟ್ ಹಿಡಿಯಿರಿ. ಹೊಳಪು ಸತ್ತರೆ ಅದು ತಡೆಯುವ ಶೀಟ್. ಅಗ್ಗದ ಟಾರ್ಚ್‌ಗಳು 395ರವು, ಅವುಗಳಿಂದ ಈ ಪರೀಕ್ಷೆ ಆಗುವುದಿಲ್ಲ. ಹೊಳಪು ಹಾಗೇ ಉಳಿದರೆ ಯುವಿ-ಎ ದಾಟುತ್ತದೆ ಅಂತ ಮಾತ್ರ ಅರ್ಥ. ಯುವಿ-ಬಿಗೆ ಕಂಪನಿಯ ಮಾಹಿತಿ ಹಾಳೆಯನ್ನೇ ಕೇಳಬೇಕು.

ಹಂತ 4: ಜೈವಿಕ ಔಷಧಿ ಸಂಜೆಗೆ

ರೋಗದ ಬೂಸ್ಟನ್ನು ಹತ್ತಿಕ್ಕುವ ಟ್ರೈಕೋಡರ್ಮಾ, ಕೀಟವನ್ನು ಕೊಲ್ಲುವ ಬ್ಯುವೇರಿಯಾ ಕೂಡ ಬೂಸ್ಟುಗಳೇ, ನಮ್ಮ ಪರವಾದವು. ಮಧ್ಯಾಹ್ನದ ಬಿಸಿಲಿನಲ್ಲಿ ಎಲೆಗೆ ಹೊಡೆದರೆ ಯುವಿ ಅವನ್ನೂ ಬಿಡುವುದಿಲ್ಲ. ಬಿಸಿಲು ಇಳಿದ ಮೇಲೆ ಹೊಡೆಯಿರಿ. ಮುಂದೆ ಹೇಳುವ ದೀಪ ಬಳಸುವ ರಾತ್ರಿಗಳಲ್ಲಿ ಇವನ್ನು ಎಲೆಗೆ ಹೊಡೆಯಲೇಬೇಡಿ. ಮಣ್ಣಿಗೆ ಕೊಡುವುದಕ್ಕೆ ಅಡ್ಡಿಯಿಲ್ಲ.

ಹಂತ 5: ದೀಪ ಬೇಕೇ ಬೇಕು ಅಂದರೆ

ಎಲೆಯ ಹೊರಮೈಯ ಬೂದಿ ರೋಗ, ಪಾಲಿಹೌಸ್ ಅಥವಾ ಚಪ್ಪರದೊಳಗಿನ ಬೆಳೆ, ಸಾಲು ಅಚ್ಚುಕಟ್ಟು. ಈ ಮೂರೂ ಇದ್ದರೆ ಮಾತ್ರ ಮುಂದೆ ಓದಿ.

ಬೇಕಾದ್ದು: 254 ನ್ಯಾನೋಮೀಟರ್‌ನ ಯುವಿ-ಸಿ ಬಿಡುವ, ರೋಗಾಣು ಕೊಲ್ಲುವ ಟ್ಯೂಬ್, ಅದಕ್ಕೆ ಹೊಂದುವ ಚೋಕ್, ಹಿಂದೆ ಅಲ್ಯೂಮಿನಿಯಂ ತಗಡು, ತೂಗುಹಾಕಲು ಅಥವಾ ತಳ್ಳಲು ಚೌಕಟ್ಟು, ಅರ್ಥಿಂಗ್ ಇರುವ ಸಂಪರ್ಕ, ಶಾಕ್ ಹೊಡೆದರೆ ತಾನೇ ಕಟ್ ಆಗುವ ಆರ್‌ಸಿಸಿಬಿ ಸ್ವಿಚ್. ಜೊತೆಗೆ 254ಕ್ಕೆ ತಯಾರಿಸಿದ ಯುವಿ ಮೀಟರ್. ಕಣ್ಣಿಗೆ ಕಾಣುವ ಬೆಳಕು ಅಳೆಯುವ ಲಕ್ಸ್ ಮೀಟರ್ ಇದಕ್ಕೆ ಬರುವುದಿಲ್ಲ. ಮೀಟರ್ ದುಬಾರಿ, ನಾಲ್ಕೈದು ಮಂದಿ ಸೇರಿ ಒಂದು ತೆಗೆದುಕೊಳ್ಳಬಹುದು.

ಆನ್‌ಲೈನ್‌ನಲ್ಲಿ ಸಿಗುವ ನೇರಳೆ ಎಲ್ಇಡಿ ಪಟ್ಟಿ, ಸೊಳ್ಳೆ ಹಿಡಿಯುವ ದೀಪ, ಪಾರ್ಟಿ ಲೈಟ್ ಎಲ್ಲ ಯುವಿ-ಎ. ಬೂಸ್ಟು ಸಾಯುವುದಿಲ್ಲ, ರಿಪೇರಿಗೆ ಬೆಳಕು ಕೊಟ್ಟ ಹಾಗಾಗುತ್ತದೆ. ಟ್ಯೂಬಿಗೆ ಸಾಮಾನ್ಯ ಗಾಜು, ಅಕ್ರಿಲಿಕ್ ಹೊದಿಕೆ ಹಾಕಬೇಡಿ. ಯುವಿ-ಸಿ ಅದನ್ನು ದಾಟುವುದಿಲ್ಲ. ಹಿಂದಿನ ತಗಡಿಗೆ ಬಿಳಿ ಪೇಂಟ್ ಹೊಡೆಯುವುದೂ ಬೇಡ. ಕಣ್ಣಿಗೆ ಬಿಳಿ ಕಂಡರೂ ಈ ಕಿರಣವನ್ನು ಅದು ನುಂಗುತ್ತದೆ.

ಹಂತ 6: ಪ್ರಮಾಣ ಲೆಕ್ಕ ಹಾಕಿ

ಎಲೆಯ ಮೇಲೆ ಬಿದ್ದ ಒಟ್ಟು ಕಿರಣವೇ ಡೋಸ್. ಚದರ ಮೀಟರಿಗೆ ಇಷ್ಟು ಜೌಲ್ ಅಂತ ಅಳೆಯುತ್ತಾರೆ. ಅಮೆರಿಕದಲ್ಲಿ ಕಾರ್ನೆಲ್ ಮತ್ತು ಫ್ಲಾರಿಡಾ ವಿಶ್ವವಿದ್ಯಾಲಯಗಳ ಸಂಶೋಧಕರು ಸ್ಟ್ರಾಬೆರಿಯ ಬೂದಿ ರೋಗಕ್ಕೆ ಬಳಸಿದ್ದು ಸುಮಾರು 70ರಿಂದ 200 ಜೌಲ್, ವಾರಕ್ಕೆ ಒಂದೆರಡು ರಾತ್ರಿ. ನಿಮ್ಮ ಬೆಳೆಗೆ ಕೆಳಗಿನ ಅಂಕೆಯಿಂದ ಶುರುಮಾಡಿ.

ಲೆಕ್ಕ ಸುಲಭ. ಮೀಟರ್ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ ಮೈಕ್ರೋವ್ಯಾಟ್ ತೋರಿಸುತ್ತದೆ. ಅದನ್ನು 100ರಿಂದ ಭಾಗಿಸಿದರೆ ಚದರ ಮೀಟರಿಗೆ ವ್ಯಾಟ್. ಬೇಕಾದ ಜೌಲನ್ನು ಈ ವ್ಯಾಟ್‌ನಿಂದ ಭಾಗಿಸಿ, ಸೆಕೆಂಡ್ ಸಿಗುತ್ತದೆ. ಎಲೆಯ ಎತ್ತರದಲ್ಲಿ ಮೀಟರ್ 200 ತೋರಿಸಿತು ಅಂದುಕೊಳ್ಳಿ. ಅಂದರೆ 2 ವ್ಯಾಟ್. 80 ಜೌಲ್ ಬೇಕಾದರೆ 40 ಸೆಕೆಂಡ್. ಗಂಟೆಗಟ್ಟಲೆ ಹಚ್ಚಿಡುವ ಪ್ರಶ್ನೆಯೇ ಇಲ್ಲ. ‘ಇನ್ನೂ ಸ್ವಲ್ಪ ಇರಲಿ’ ಅಂತ ಬಿಟ್ಟರೆ ಎಲೆ ಕಂಚಿನ ಬಣ್ಣಕ್ಕೆ ತಿರುಗಿ ಸುರುಟುತ್ತದೆ.

ಹೊಸ 30 ವ್ಯಾಟ್ ಟ್ಯೂಬ್ ಒಂದು ಮೀಟರ್ ದೂರದಲ್ಲಿ ಸುಮಾರು 100 ಮೈಕ್ರೋವ್ಯಾಟ್ ಕೊಡುತ್ತದೆ. ಧೂಳು ಕೂತರೆ, ಹಳತಾದರೆ, ಚಳಿ ಜಾಸ್ತಿಯಾದರೆ ಕಡಿಮೆ. ಡಿಸೆಂಬರ್ ರಾತ್ರಿಯ ಅಳತೆಯನ್ನು ಡಿಸೆಂಬರ್ ರಾತ್ರಿಯಲ್ಲೇ ತೆಗೆದುಕೊಳ್ಳಿ. ಹಚ್ಚಿದ ಕೂಡಲೇ ಟ್ಯೂಬ್ ಪೂರ್ತಿ ಶಕ್ತಿಗೆ ಬರುವುದಿಲ್ಲ. ಕೆಲವು ನಿಮಿಷ ಗಿಡದಿಂದ ಆಚೆ ಉರಿಸಿ ಆಮೇಲೆ ಸಾಲಿಗೆ ತನ್ನಿ.

ಹಂತ 7: ರಾತ್ರಿ ಹಚ್ಚುವ ಕ್ರಮ

1. ಪೂರ್ತಿ ಕತ್ತಲಾದ ಮೇಲೆ ಶುರುಮಾಡಿ. ಮುಗಿದ ನಂತರ ಕನಿಷ್ಠ ನಾಲ್ಕು ಗಂಟೆ ಕತ್ತಲು ಇರಬೇಕು. ರಾತ್ರಿ ಎಂಟರಿಂದ ಹನ್ನೆರಡರ ಒಳಗೆ ಮುಗಿಸಿದರೆ ನಿಶ್ಚಿಂತೆ. ಬೆಳಗಿನ ಜಾವ ಐದಕ್ಕೆ ಎದ್ದು ಹಚ್ಚಿದರೆ ರಿಪೇರಿಗೆ ಸೂರ್ಯ ಬಂದೇಬಿಡುತ್ತಾನೆ.

2. ಪಕ್ಕದ ಸಾಮಾನ್ಯ ಬಲ್ಬ್ ಆರಿಸಿ. ಅಂಗಳದ ಫ್ಲಡ್‌ಲೈಟ್ ಚಪ್ಪರದ ಮೇಲೆ ಬೀಳುತ್ತಿದ್ದರೆ ಅದನ್ನೂ.

3. ಮುಖಕ್ಕೆ ಪಾಲಿಕಾರ್ಬೊನೇಟ್ ಶೀಲ್ಡ್, ತುಂಬುತೋಳಿನ ದಪ್ಪ ಅಂಗಿ, ಕೈಗವಸು. ಕುತ್ತಿಗೆ ಮತ್ತು ಮಣಿಕಟ್ಟು ಬರಿದಾಗಿ ಉಳಿಯುವ ಜಾಗಗಳು. ಕಿರಣ ತಾಗಿದರೆ ಆ ಹೊತ್ತಿಗೆ ಏನೂ ಅನಿಸುವುದಿಲ್ಲ, ಕೆಲವು ಗಂಟೆ ಬಿಟ್ಟು ಕಣ್ಣು ಉರಿದು ನೀರು ಸುರಿಯುತ್ತದೆ. ಕಾಣುವ ತಿಳಿ ನೀಲಿ ಬೆಳಕು ಮಂಕಾಗಿದೆ ಅಂತ ಮೋಸ ಹೋಗಬೇಡಿ. ಕೆಲಸ ಮಾಡುವ ಕಿರಣ ಕಾಣುವುದೇ ಇಲ್ಲ.

4. ಮಕ್ಕಳು, ಕೆಲಸದವರು, ನಾಯಿ ಯಾರೂ ಒಳಗೆ ಇರಬಾರದು. ಕೆಲಸದವರ ಲೈನ್ ಮನೆ ಹತ್ತಿರದಲ್ಲಿದ್ದರೆ ಮೊದಲೇ ಹೇಳಿಡಿ.

5. ಆನೆ ಓಡಾಡುವ ಕಡೆ ರಾತ್ರಿ ಗದ್ದೆಗಿಳಿಯಬೇಡಿ. ಬೂದಿ ರೋಗಕ್ಕೆ ನೀರಲ್ಲಿ ಕರಗುವ ಗಂಧಕ ಇದೆ, ಹಗಲಲ್ಲೇ ಹೊಡೆಯಬಹುದು. ಕುಂಬಳ ಜಾತಿಯ ಗಿಡದ ಮೇಲೆ ಬಿರು ಬಿಸಿಲಿನಲ್ಲಿ ಮಾತ್ರ ಹೊಡೆಯಬೇಡಿ, ಎಲೆ ಸುಡುತ್ತದೆ.

6. ಮಳೆ, ಗುಡುಗು ಇರುವ ರಾತ್ರಿ ಬೇಡ.

ಹಂತ 8: ಗಮನಿಸಿ, ಸರಿಪಡಿಸಿ

ಮೊದಲ ಸಲ ಐದಾರು ಗಿಡಕ್ಕೆ ಮಾತ್ರ ಬಿಟ್ಟು ಒಂದು ವಾರ ಕಾಯಿರಿ. ತುದಿ ಎಲೆ ಬಣ್ಣ ಬದಲಿಸಿದರೆ ಸಮಯ ಇಳಿಸಿ. ಒಂದು ಸಾಲಿಗೆ ದೀಪ ತೋರಿಸದೆ ಹಾಗೇ ಉಳಿಸಿಕೊಳ್ಳಿ. ಹೋಲಿಸಲು ಏನೂ ಇಲ್ಲದಿದ್ದರೆ ರೋಗ ದೀಪದಿಂದ ಇಳಿಯಿತೋ ಹವೆಯಿಂದ ಇಳಿಯಿತೋ ಹೇಳುವುದು ಕಷ್ಟ. ಬೂದಿ ರೋಗ ಒಣ ತಿಂಗಳುಗಳದು, ಜೋರು ಮಳೆಗೆ ತಾನಾಗಿಯೇ ಇಳಿಯುತ್ತದೆ ಅಲ್ವಾ.

ದೀಪದಿಂದ ಹೊಸ ಸೋಂಕು ನಿಲ್ಲುತ್ತದೆ, ಹಳದಿಯಾದ ಎಲೆ ಹಸಿರಾಗುವುದಿಲ್ಲ. ಎಲೆ ಪೂರ್ತಿ ಬೆಳ್ಳಗಾದ ಮೇಲೆ ಶುರುಮಾಡಿದರೆ ಪ್ರಯೋಜನ ಕಡಿಮೆ. ಮೊದಲ ಬಿಳಿ ಚುಕ್ಕೆ ಕಂಡಾಗಲೇ ಶುರುಮಾಡಿ. ಅಡಿ ಎಲೆಗಳಲ್ಲಿ ಮಾತ್ರ ರೋಗ ಉಳಿದರೆ ನೆರಳಿನ ಸಮಸ್ಯೆ. ಹಳೆ ಎಲೆ ಕೀಳಿ, ದೀಪವನ್ನು ಬದಿಯಿಂದಲೂ ತೋರಿಸಿ.

ಮುಂಗಾರು ಹಿಡಿದ ಮೇಲೆ ಟ್ಯೂಬ್ ಬಿಚ್ಚಿ, ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಬಟ್ಟೆ ಸುತ್ತಿ ಒಣ ಜಾಗದಲ್ಲಿ ಇಡಿ. ಬರಿಗೈಯಲ್ಲಿ ಮುಟ್ಟಿದ ಕಲೆಯೂ ಕಿರಣವನ್ನು ತಡೆಯುತ್ತದೆ. ಒಳಗೆ ಪಾದರಸ ಇರುತ್ತದೆ. ಒಡೆದರೆ ಬಾಗಿಲು ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗಿರಿ. ಆಮೇಲೆ ಚೂರುಗಳನ್ನು ರಟ್ಟಿನಲ್ಲಿ ಒಟ್ಟುಮಾಡಿ ಮುಚ್ಚಳದ ಡಬ್ಬಿಗೆ ಹಾಕಿ. ಪೊರಕೆ ಬಳಸಬೇಡಿ, ಗೊಬ್ಬರದ ಗುಂಡಿಗೂ ಎಸೆಯಬೇಡಿ.